ಸುಮ್ನೆ ಬಿಟ್ಟರೆ ದೋಣಿ ಎತ್ತ ತಿರುಗುತ್ತದೆ? ಹೊಸ ಹಾಯಿದೋಣಿ ಕೊಂಡವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಷ್ಟ ಹೇಳಿಕೊಂಡಿವೆ. ದೋಣಿ ಕೊಂಡಾಗಿದೆ, ಹಾಯಿ ಏರಿಸಲು ಬರುತ್ತದೆ, ಆದರೆ ದೋಣಿ ಮಾತು ಕೇಳುತ್ತಿಲ್ಲ. ಮೊದಲ ಪತ್ರಕ್ಕೆ ಉದ್ದನೆಯ ಉತ್ತರ ಬರೆದಿದ್ದೇನೆ, ಯಾಕೆಂದರೆ ಉಳಿದ ಪ್ರಶ್ನೆಗಳ ಬುಡವೂ ಅಲ್ಲೇ ಇದೆ.

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ಚಿಕ್ಕ ತೆರೆದ ಹಾಯಿದೋಣಿಗಳಲ್ಲಿ ಓಡಾಡಿ ಅಭ್ಯಾಸ ಇರುವವರು. ಈಗ 10 ಮೀಟರ್ ಉದ್ದದ, ಕ್ಯಾಬಿನ್ ಇರುವ, ಸುಮಾರು 6 ಟನ್ ತೂಕದ ಹಳೆಯ ಕ್ರೂಸಿಂಗ್ ದೋಣಿ ತೆಗೆದುಕೊಂಡಿದ್ದೇವೆ. ಹಾಯಿಯಲ್ಲಿ ಹೇಗೋ ನಿಭಾಯಿಸುತ್ತೇವೆ. ಮರೀನಾದೊಳಗೆ (ದೋಣಿಗಳನ್ನು ಕಟ್ಟುವ ಚಿಕ್ಕ ಬಂದರು) ಎಂಜಿನ್ ಹಾಕಿ ಬರುವಾಗ ಮಾತ್ರ ಕೈಕಾಲು ನಡುಗುತ್ತದೆ. ರಿವರ್ಸ್ ಹಾಕಿದರೆ ಚುಕ್ಕಾಣಿ ಯಾವ ಕಡೆ ತಿರುಗಿಸಿದರೂ ಹಿಂಭಾಗ ಎಡಕ್ಕೇ ಹೋಗುತ್ತದೆ. ಹಿಂದಿನ ಮಾಲೀಕರನ್ನು ಕೇಳಿದರೆ 'ಅಭ್ಯಾಸ ಆಗುತ್ತೆ ಬಿಡಿ' ಅಂದರು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಅಭ್ಯಾಸ ಆಗುತ್ತದೆ, ನಿಜ. ಆದರೆ ಬೇರೆಯವರ ದೋಣಿಗಳ ಮಧ್ಯೆ, ಪಕ್ಕಗಾಳಿಯಲ್ಲಿ, ದಡದ ಮೇಲೆ ನಾಲ್ಕು ಜನ ನಿಂತು ನೋಡುತ್ತಿರುವಾಗ ಅಭ್ಯಾಸ ಮಾಡಿಕೊಳ್ಳಿ ಅನ್ನುವುದು ಸರಿಯಾದ ಸಲಹೆ ಅಲ್ಲ. ದೋಣಿಯನ್ನು ತೆರೆದ ನೀರಿಗೆ ಒಯ್ಯಿರಿ. ಸುತ್ತ ಯಾರೂ ಇರಬಾರದು, ತಗಲುವಂಥದ್ದು ಏನೂ ಇರಬಾರದು, ಕೆಳಗೆ ಆಳ ಸಾಕಷ್ಟಿರಬೇಕು. ಗಾಳಿ 10–12 ನಾಟ್ (ಸಮುದ್ರಯಾನದ ವೇಗದ ಅಳತೆ) ಇದ್ದರೆ ಒಳ್ಳೆಯದು. ಗಾಳಿಯೇ ಇಲ್ಲದ ದಿನ ದೋಣಿ ತನ್ನ ಸ್ವಭಾವ ತೋರಿಸುವುದೇ ಇಲ್ಲ.

ಅಲ್ಲಿ ಮೊದಲು ಮಾಡಬೇಕಾದ ಕೆಲಸ ಅಂದರೆ ಏನೂ ಮಾಡದೇ ಇರುವುದು. ಹಾಯಿ ಇಳಿಸಿ, ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಕೈ ಕಟ್ಟಿ ಕುಳಿತು ನೋಡಿ. ದೋಣಿ ನಿಲ್ಲುತ್ತದೆ, ಆಮೇಲೆ ಮೂತಿ ಒಂದು ಕಡೆಗೆ ವಾಲುತ್ತದೆ, ವಾಲಲು ಶುರುವಾದ ಮೇಲೆ ಬೇಗಬೇಗ ತಿರುಗುತ್ತದೆ. ಕೊನೆಗೆ ಹೆಚ್ಚಿನ ದೋಣಿಗಳು ಗಾಳಿಗೆ ಪಕ್ಕ ಕೊಟ್ಟು, ಅಥವಾ ಅದಕ್ಕಿಂತ ತುಸು ಜಾಸ್ತಿ ತಿರುಗಿ ಹಿಂಭಾಗವನ್ನು ಸ್ವಲ್ಪ ಗಾಳಿಯ ಕಡೆಗೆ ಒಡ್ಡಿ ತೇಲತೊಡಗುತ್ತವೆ. ಕಾರಣ ಸರಳ. ಮುಂದೆ ಎತ್ತರದ ಮೂತಿ, ಸುತ್ತಿಟ್ಟ ಜಿಬ್ (ಮುಂದಿನ ಹಾಯಿ), ಹಾಯಿಕಂಬ ಎಲ್ಲ ಸೇರಿ ಗಾಳಿಗೆ ಸಿಗುವ ಮೈ ಜಾಸ್ತಿ, ಅದೇ ಮೂತಿಯ ಕೆಳಗೆ ನೀರಿನಲ್ಲಿ ಹಿಡಿದುಕೊಳ್ಳುವ ಭಾಗ ಕಡಿಮೆ. ಇದು ಎಷ್ಟು ಹೊತ್ತಿನಲ್ಲಿ ಆಗುತ್ತದೆ, ಎಷ್ಟು ದೂರ ಪಕ್ಕಕ್ಕೆ ತೇಲುತ್ತೀರಿ ಅನ್ನುವುದನ್ನು ಬರೆದಿಡಿ. ಹತ್ತು ಎಣಿಸುವಷ್ಟರಲ್ಲಿ ಮೂತಿ ಬಿದ್ದುಹೋಗುವ ದೋಣಿ ಇದೆ, ಅರ್ಧ ನಿಮಿಷ ತಡೆಯುವ ದೋಣಿಯೂ ಇದೆ. ಜೆಟ್ಟಿಯ ಮುಂದೆ ಹಗ್ಗ ಸಿಗದೆ ಪರದಾಡುವಾಗ ನಿಮ್ಮ ಕೈಯಲ್ಲಿರುವ ಸಮಯ ಅಷ್ಟೇ.

ಮರೀನಾದಲ್ಲಿ ನೀವು ಮಾಡುವ ಎಲ್ಲವೂ ದೋಣಿಯ ಈ ಇಷ್ಟದ ಜೊತೆಗೆ ಇರುತ್ತದೆ, ಇಲ್ಲವೇ ಅದಕ್ಕೆ ವಿರುದ್ಧ ಇರುತ್ತದೆ. ಇಕ್ಕಟ್ಟಿನ ದಾರಿಯಲ್ಲಿ ನಿಧಾನವಾಗಿ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಲು ಹೊರಟರೆ ಅರ್ಧ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ತುಂಬಾ. ಅದೇ ದೋಣಿ ಹಿಂಭಾಗವನ್ನು ಗಾಳಿಗೆ ಒಡ್ಡಿ ರಿವರ್ಸ್‌ನಲ್ಲಿ ಆರಾಮಾಗಿ ನಿಲ್ಲುತ್ತದೆ, ಯಾಕೆಂದರೆ ಅದು ತಾನಾಗಿ ಹೋಗಬಯಸುವ ಕಡೆಗೆ ಹತ್ತಿರ ಅದೇ. ಏನೂ ತೋಚದೆ ಇದ್ದಾಗ, ಜಾಗ ಹುಡುಕಬೇಕಾದಾಗ, ಹೀಗೆ ಹಿಂದೆ ಹಿಂದೆ ಗಾಳಿಗೆ ಸರಿಯುತ್ತ ಒಂದೇ ಕಡೆ ನಿಂತು ಯೋಚಿಸಬಹುದು.

ಈಗ ನಿಮ್ಮ ರಿವರ್ಸ್ ವಿಷಯ. ಇದು ದೋಣಿಯ ದೋಷ ಅಲ್ಲ. ನಿಮ್ಮ ಪ್ರೊಪೆಲರ್ ಮುಂದಕ್ಕೆ ಹೋಗುವಾಗ, ಹಿಂದಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ಬಗೆಯದು. ರಿವರ್ಸ್‌ನಲ್ಲಿ ಉಲ್ಟಾ ತಿರುಗುತ್ತದೆ, ಹಾಗೆ ತಿರುಗುವಾಗ ದೋಣಿಯ ಹಿಂಭಾಗವನ್ನು ಎಡಕ್ಕೂ ಎಳೆಯುತ್ತದೆ. ಇದಕ್ಕೆ ಪ್ರಾಪ್ ವಾಕ್ ಅನ್ನುತ್ತಾರೆ. ಪ್ರೊಪೆಲರ್ ಶಾಫ್ಟ್ ಕೆಳಮುಖವಾಗಿ ಓರೆ ಇದ್ದಷ್ಟೂ ಈ ಎಳೆತ ಜಾಸ್ತಿ. ಸೇಲ್‌ಡ್ರೈವ್ (ಎಂಜಿನ್‌ನಿಂದ ನೇರ ಕೆಳಗಿಳಿದ ಕಾಲಿಗೆ ಪ್ರೊಪೆಲರ್ ಜೋಡಿಸಿದ ವ್ಯವಸ್ಥೆ) ಇರುವ ದೋಣಿಗಳಲ್ಲಿ ಶಾಫ್ಟ್ ಮಟ್ಟವಾಗಿರುವುದರಿಂದ ಕಡಿಮೆ. ಮುಂದಕ್ಕೆ ಹೋಗುವಾಗಲೂ ಸ್ವಲ್ಪ ಇರುತ್ತದೆ, ಆದರೆ ಆಗ ಪ್ರೊಪೆಲರ್ ತಳ್ಳಿದ ನೀರು ನೇರ ಚುಕ್ಕಾಣಿಗೆ ಬಡಿಯುವುದರಿಂದ ನಿಮ್ಮ ಗಮನಕ್ಕೆ ಬರುವುದಿಲ್ಲ. ರಿವರ್ಸ್‌ನಲ್ಲಿ ಆ ನೀರು ಮುಂದಕ್ಕೆ ಹೋಗುತ್ತದೆ. ದೋಣಿಯೇ ಹಿಂದಕ್ಕೆ ಚಲಿಸಿ ಚುಕ್ಕಾಣಿಯ ಮೇಲೆ ನೀರು ಹರಿಯುವ ತನಕ ಚುಕ್ಕಾಣಿ ಇದ್ದೂ ಇಲ್ಲದ ಹಾಗೆ.

ಹಾಗಾಗಿ ಮೊದಲ ಕ್ಷಣದ ಎಳೆತವನ್ನು ಲೆಕ್ಕಕ್ಕೆ ಹಿಡಿದು ಹೊರಡಿ. ಹಿಂಭಾಗವನ್ನು ಬೇಕಾದ್ದಕ್ಕಿಂತ ಸ್ವಲ್ಪ ಬಲಕ್ಕೆ ಇಟ್ಟುಕೊಂಡು ರಿವರ್ಸ್ ಕೊಡಿ, ದೋಣಿ ಹಿಂದಕ್ಕೆ ಓಡತೊಡಗಿದ ಮೇಲೆ ಗೇರ್ ನ್ಯೂಟ್ರಲ್‌ಗೆ ತನ್ನಿ. ಪ್ರೊಪೆಲರ್ ನಿಂತ ಕೂಡಲೇ ಪಕ್ಕದ ಎಳೆತವೂ ನಿಲ್ಲುತ್ತದೆ, ಚುಕ್ಕಾಣಿ ಕೆಲಸ ಮಾಡತೊಡಗುತ್ತದೆ. ಎಷ್ಟು ವೇಗಕ್ಕೆ ಚುಕ್ಕಾಣಿ ಹಿಡಿಯುತ್ತದೆ ಅನ್ನುವುದನ್ನು ತೆರೆದ ನೀರಿನಲ್ಲೇ ಕಂಡುಕೊಳ್ಳಿ. ಉದ್ದ ಕೀಲ್ (ತಳದಿಂದ ನೀರಿಗೆ ಇಳಿದ ಬೆನ್ನೆಲುಬಿನಂಥ ಭಾಗ) ಇರುವ ಹಳೆಯ ಕೆಲವು ದೋಣಿಗಳು ಎಷ್ಟು ವೇಗ ಕೊಟ್ಟರೂ ರಿವರ್ಸ್‌ನಲ್ಲಿ ಸರಿಯಾಗಿ ಬರುವುದಿಲ್ಲ, ಅಂಥವಕ್ಕೆ ಹಿಮ್ಮುಖವಾಗಿ ಹೋಗಬೇಕಾದ ಜಾಗವನ್ನೇ ತಪ್ಪಿಸುವುದು ಜಾಣತನ. ಇನ್ನೊಂದು ಮಾತು, ರಿವರ್ಸ್‌ನಲ್ಲಿ ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಿ. ನೀರು ಹಿಂದಿನಿಂದ ನುಗ್ಗುವುದರಿಂದ ಅದು ಫಟ್ಟನೆ ಒಂದು ಕಡೆಗೆ ಬಡಿದು ಕೈಗೆ ಪೆಟ್ಟಾಗಬಹುದು, ಚುಕ್ಕಾಣಿಯ ತಡೆಗಳೂ ಮುರಿಯಬಹುದು.

ಈ ಎಡಗಡೆಯ ಎಳೆತ ನಿಮ್ಮ ಆಸ್ತಿಯೂ ಹೌದು. ಜೆಟ್ಟಿಗೆ ಎಡಪಕ್ಕ ಕೊಟ್ಟು ಬನ್ನಿ, ಕೊನೆಗೆ ನಿಲ್ಲಿಸಲು ರಿವರ್ಸ್ ಕೊಟ್ಟಾಗ ಹಿಂಭಾಗ ತಾನೇ ಒಳಗೆ ಸರಿಯುತ್ತದೆ. ಇಕ್ಕಟ್ಟಿನಲ್ಲಿ ತಿರುಗಬೇಕಾದರೆ ಬಲಕ್ಕೆ ತಿರುಗಿ. ಚುಕ್ಕಾಣಿಯನ್ನು ಪೂರ್ತಿ ಬಲಕ್ಕೆ ಇಟ್ಟು ಮುಂದಕ್ಕೆ ಒಂದು ಚುರುಕಾದ ಒತ್ತು ಕೊಡಿ, ದೋಣಿ ಮುಂದೆ ಓಡುವ ಮೊದಲೇ ನ್ಯೂಟ್ರಲ್, ಒಂದು ಉಸಿರು ಬಿಟ್ಟು ರಿವರ್ಸ್‌ನಲ್ಲಿ ಒಂದು ಒತ್ತು, ಮತ್ತೆ ಮುಂದಕ್ಕೆ. ಹಿಂದಕ್ಕೆ ಓಡಲು ಬಿಡದಿದ್ದರೆ ಚುಕ್ಕಾಣಿಯನ್ನು ಬಲದಲ್ಲೇ ಇಟ್ಟುಕೊಂಡಿರಬಹುದು. ಮುಂದಿನ ಒತ್ತೂ ರಿವರ್ಸ್ ಒತ್ತೂ ಎರಡೂ ಹಿಂಭಾಗವನ್ನು ಎಡಕ್ಕೇ ತಳ್ಳುವುದರಿಂದ ದೋಣಿ ಹೆಚ್ಚುಕಡಿಮೆ ನಿಂತಲ್ಲೇ ತಿರುಗುತ್ತದೆ. ಎಡಕ್ಕೆ ಇದೇ ಆಟ ನಡೆಯುವುದಿಲ್ಲ. ಎರಡೂ ಕಡೆ ಮಾಡಿ ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಆಮೇಲೆ ನಿಲ್ಲಿಸುವುದು. ಒಂದು ಫೆಂಡರ್ (ತಾಗದಂತೆ ದೋಣಿಯ ಪಕ್ಕ ಇಳಿಬಿಡುವ ಮೆತ್ತೆ) ನೀರಿಗೆ ಎಸೆದು ಅದನ್ನೇ ಜೆಟ್ಟಿ ಅಂದುಕೊಳ್ಳಿ. ಒಂದು ನಾಟ್ ಅಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಎರಡು ನಾಟ್ ವೇಗದಲ್ಲಿ ಬಂದು ನ್ಯೂಟ್ರಲ್ ಹಾಕಿದರೆ ಎಷ್ಟು ದೂರ ಜಾರುತ್ತದೆ, ಮೂರಕ್ಕೆ ಎಷ್ಟು, ನಾಲ್ಕಕ್ಕೆ ಎಷ್ಟು, ದೋಣಿಯ ಉದ್ದವನ್ನೇ ಅಳತೆ ಮಾಡಿಕೊಂಡು ಗುರುತು ಹಾಕಿಕೊಳ್ಳಿ. ಗಾಳಿಗೆ ಎದುರು ಒಮ್ಮೆ, ಗಾಳಿ ಬೆನ್ನಿಗಿಟ್ಟು ಒಮ್ಮೆ. ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ನಿಮ್ಮ ಹಳೆಯ ಚಿಕ್ಕ ದೋಣಿಯನ್ನು ಕಾಲಿನಿಂದ ತಡೆಯುತ್ತಿದ್ದಿರಿ ಅಲ್ವಾ? 6 ಟನ್‌ಗೆ ಕಾಲು ಕೊಟ್ಟರೆ ಕಾಲು ಹೋಗುತ್ತದೆ. ಇದನ್ನು ಇಬ್ಬರೂ ಈಗಲೇ ಒಬ್ಬರಿಗೊಬ್ಬರು ಮಾತು ಕೊಟ್ಟುಕೊಳ್ಳಿ: ತಾಗುವುದಾದರೆ ಮಧ್ಯೆ ಫೆಂಡರ್ ಹೋಗಲಿ, ದೋಣಿ ತರಚಿದರೂ ಪರವಾಗಿಲ್ಲ, ಕೈಕಾಲು ಮಧ್ಯೆ ಹೋಗಬಾರದು.

ಇಬ್ಬರೇ ಇರುವವರಿಗೆ ನಾನು ಬಿಡದೆ ಹೇಳುವ ಒಂದು ಉಪಾಯ ಇದೆ. ಜೆಟ್ಟಿಗೆ ಬರುವಾಗ ಮೂತಿಯ ಹಗ್ಗ ಹಿಡಿದು ಜಿಗಿಯುವ ಆತುರ ಬೇಡ. ದೋಣಿಯ ನಡುಭಾಗದ ಕ್ಲೀಟ್‌ನಿಂದ (ಹಗ್ಗ ಕಟ್ಟುವ ಕೊಂಡಿ) ಒಂದು ಗಿಡ್ಡ ಹಗ್ಗ ತೆಗೆದು ಜೆಟ್ಟಿಯಲ್ಲಿ ಸ್ವಲ್ಪ ಹಿಂದಿರುವ ಗೂಟಕ್ಕೆ ಹಾಕಿ, ಗೇರ್ ನಿಧಾನವಾಗಿ ಮುಂದಕ್ಕೆ ಹಾಕಿ, ಚುಕ್ಕಾಣಿಯನ್ನು ಜೆಟ್ಟಿಯಿಂದ ಆಚೆಗೆ ತಿರುಗಿಸಿ. ದೋಣಿ ಮುಂದೆ ಹೋಗಲಾರದು, ಹಿಂಭಾಗ ಒಳಗೆ ಒತ್ತುತ್ತದೆ, ಮೂತಿಯೂ ದೂರ ಹೋಗುವುದಿಲ್ಲ. ಹಾಗೇ ಎಂಜಿನ್ ಓಡುತ್ತಿರಲಿ, ಉಳಿದ ಹಗ್ಗಗಳನ್ನು ನಿಧಾನವಾಗಿ ಕಟ್ಟಿಕೊಳ್ಳಿ. ಹಗ್ಗದ ಉದ್ದ ಒಂದು ಸಲ ಸರಿಯಾಗಿ ಸಿಕ್ಕಿದ ಮೇಲೆ ಅಲ್ಲೊಂದು ಗುರುತು ಹೊಲಿದುಬಿಡಿ. ಯಾವ ಹಗ್ಗವೂ ನೀರಿಗೆ ಬೀಳದಂತೆ ನೋಡಿಕೊಳ್ಳಿ, ಪ್ರೊಪೆಲರ್‌ಗೆ ಸುತ್ತಿದರೆ ಇಷ್ಟೂ ವ್ಯರ್ಥ.

ಪತ್ರದಲ್ಲಿ 'ನಾನು ಓಡಿಸುತ್ತೇನೆ, ಅವಳು ಹಗ್ಗ ನೋಡುತ್ತಾಳೆ' ಎಂದೂ ಬರೆದಿದ್ದೀರಿ. ದಯವಿಟ್ಟು ಅದಲುಬದಲು ಮಾಡಿ. ಮೇಲೆ ಹೇಳಿದ ಪ್ರತಿಯೊಂದನ್ನೂ ಅವರೂ ಚುಕ್ಕಾಣಿ ಹಿಡಿದು ಮಾಡಬೇಕು. ನೀವು ನೀರಿಗೆ ಬಿದ್ದರೆ ದೋಣಿ ತಿರುಗಿಸಿ ತರಬೇಕಾದವರು ಅವರೇ.

ಪ್ರಶ್ನೆ: ನಮ್ಮದು ಫಿನ್ ಕೀಲ್ (ಮೀನಿನ ರೆಕ್ಕೆಯಂಥ ಗಿಡ್ಡ ಕೀಲ್) ದೋಣಿ. ಗಾಳಿಗೆ ಎದುರಾಗಿ ಹೋಗುವಾಗ ಸ್ವಲ್ಪ ಜೋರು ಗಾಳಿ ಬಂದರೂ ದೋಣಿ ತಾನಾಗಿ ಗಾಳಿಯ ಕಡೆಗೆ ತಿರುಗಿಬಿಡುತ್ತದೆ. ಚುಕ್ಕಾಣಿ ಎಳೆದು ಎಳೆದು ತೋಳು ಸೋಲುತ್ತದೆ. ಹಾಯಿಕಂಬವನ್ನು ಮುಂದಕ್ಕೆ ಸರಿಸಬೇಕು ಅಂತ ಒಬ್ಬರು, ಹೊಸ ಚುಕ್ಕಾಣಿ ಹಾಕಿಸಿ ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಎರಡೂ ಈಗ ಬೇಡ. ಸದ್ಯಕ್ಕೆ ಖರ್ಚಿಲ್ಲದ ಕೆಲಸಗಳನ್ನು ಮಾಡಿ ನೋಡಿ.

ಗಾಳಿಯ ಕಡೆಗೆ ತಿರುಗುವ ಈ ಒಲವಿಗೆ ವೆದರ್ ಹೆಲ್ಮ್ ಅನ್ನುತ್ತಾರೆ. ಸ್ವಲ್ಪ ಇರಬೇಕು. ಚುಕ್ಕಾಣಿ 3ರಿಂದ 5 ಡಿಗ್ರಿ ತಿರುಗಿಸಿಟ್ಟಾಗ ದೋಣಿ ನೇರ ಹೋಗುತ್ತಿದ್ದರೆ ಅದು ಆರೋಗ್ಯದ ಲಕ್ಷಣ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಚುಕ್ಕಾಣಿ ಬ್ರೇಕಿನ ಕೆಲಸ ಮಾಡತೊಡಗುತ್ತದೆ. ನಡುವಿನಿಂದ ಎಷ್ಟು ತಿರುಗಿದೆ ಅಂತ ತಿಳಿಯಲು, ಚುಕ್ಕಾಣಿ ಸರಿಯಾಗಿ ನಡುವೆ ಇರುವಾಗ ಚಕ್ರದ ಮೇಲ್ತುದಿಗೆ ಒಂದು ಟೇಪ್ ಸುತ್ತಿ.

ದೋಣಿ ಯಾಕೆ ತಿರುಗುತ್ತದೆ? ಹೆಚ್ಚಾಗಿ ಓರೆಯಾಗುವುದರಿಂದ. ದೋಣಿ ಓರೆಯಾದಾಗ ಹಾಯಿಯ ಎಳೆತ ದೋಣಿಯ ಮೈಯಿಂದ ಆಚೆ, ನೀರಿನ ಮೇಲೆ ಹೋಗಿ ಕೂರುತ್ತದೆ, ಅಲ್ಲಿಂದ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತದೆ. ನೀರಿನೊಳಗಿನ ಮೈಯ ಆಕಾರವೂ ಒಂದು ಪಕ್ಕ ಉಬ್ಬಿ ಅದೇ ಕಡೆಗೆ ದಬ್ಬುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ಅಂದರೆ 12 ನಾಟ್ ಗಾಳಿ 17 ಆದರೆ ಒತ್ತಡ ಎರಡು ಪಟ್ಟು. ನೀವು 'ಸ್ವಲ್ಪ ಜೋರು' ಅನ್ನುವುದು ದೋಣಿಗೆ ಸ್ವಲ್ಪ ಅಲ್ಲ.

ಆದ್ದರಿಂದ ಮೇನ್‌ಸೇಲನ್ನು (ಹಾಯಿಕಂಬದ ಹಿಂದಿನ ದೊಡ್ಡ ಹಾಯಿ) ಬೇಗ ರೀಫ್ ಮಾಡಿ, ಅಂದರೆ ಸ್ವಲ್ಪ ಇಳಿಸಿ ಕಟ್ಟಿ ಚಿಕ್ಕದು ಮಾಡಿ. ಅದಕ್ಕೂ ಮೊದಲು ಟ್ರಾವೆಲರ್ (ಮೇನ್‌ಸೇಲಿನ ಹಗ್ಗವನ್ನು ಅಡ್ಡಕ್ಕೆ ಸರಿಸುವ ಹಳಿಯ ಮೇಲಿನ ಗಾಲಿ) ಇದ್ದರೆ ಗಾಳಿಯ ಮರೆಯ ಕಡೆಗೆ ಇಳಿಸಿ, ಹಾಯಿಯನ್ನು ಚಪ್ಪಟೆ ಮಾಡಿ: ಏರಿಸುವ ಹಗ್ಗ ಬಿಗಿ, ಬೂಮ್ (ಹಾಯಿಯ ಕೆಳಗಿನ ಅಡ್ಡಕೋಲು) ತುದಿಯ ಔಟ್‌ಹಾಲ್ ಹಗ್ಗ ಬಿಗಿ, ಹಾಯಿಕಂಬವನ್ನು ಹಿಂದಿನಿಂದ ಹಿಡಿದಿರುವ ಬ್ಯಾಕ್‌ಸ್ಟೇ ತಂತಿ ಹೊಂದಿಸಲು ಬರುವಂತಿದ್ದರೆ ಅದೂ ಬಿಗಿ. ಒಂದೊಂದನ್ನೇ ಮಾಡಿ, ಪ್ರತಿ ಸಲ ಟೇಪ್ ಎಲ್ಲಿ ನಿಂತಿದೆ ನೋಡಿ. ಹಳೆಯ ದೋಣಿ ಅಂದರೆ ಹಾಯಿಯೂ ಹಳೆಯದೇ ಇರುತ್ತದೆ. ಬಟ್ಟೆ ಹಿಗ್ಗಿ ಹೊಟ್ಟೆ ಹಿಂದಕ್ಕೆ ಸರಿದ ಹಾಯಿ ದೋಣಿಯನ್ನು ಮುಂದೆ ಎಳೆಯುವುದಕ್ಕಿಂತ ಓರೆ ಮಾಡುವುದೇ ಜಾಸ್ತಿ. ಇಷ್ಟೆಲ್ಲ ಮಾಡಿದ ಮೇಲೂ, ದೋಣಿ 20 ಡಿಗ್ರಿಗಿಂತ ಕಡಿಮೆ ಓರೆ ಇರುವಾಗಲೂ ತೋಳು ಸೋಲುತ್ತಿದ್ದರೆ ಆಗ ಹಾಯಿಕಂಬದ ಹಿಂದಿನ ಓರೆಯನ್ನು ಸ್ವಲ್ಪ ಕಡಿಮೆ ಮಾಡುವ ಮಾತು. ಚುಕ್ಕಾಣಿ ಬದಲಿಸುವುದು ಕೊಟ್ಟಕೊನೆಗೆ.

ಒಬ್ಬರೇ ಭೂಮಿಯನ್ನು ಹಾಯಿದೋಣಿಯಲ್ಲಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್, 1895ರಿಂದ 1898ರ ತನಕ ಸಾಗಿದ 'ಸ್ಪ್ರೇ' ದೋಣಿಯಲ್ಲಿ ಚುಕ್ಕಾಣಿ ಕಟ್ಟಿಹಾಕಿದರೆ ದಿನಗಟ್ಟಲೆ ದೋಣಿ ತನ್ನ ದಾರಿ ತಾನೇ ಹಿಡಿಯುತ್ತಿತ್ತು. ಉದ್ದ ಕೀಲ್‌ನ ಅಗಲವಾದ ದೋಣಿ ಅದು. ನಿಮ್ಮ ಫಿನ್ ಕೀಲ್ ದೋಣಿ ಹಾಗೆ ಮಾಡುವುದಿಲ್ಲ, ಆದರೆ ಹಾಯಿಗಳ ಸಮತೋಲ ಸರಿ ಇದ್ದರೆ ಚುಕ್ಕಾಣಿ ಬಿಟ್ಟು ಒಂದು ಹತ್ತು ಸೆಕೆಂಡ್ ನೇರ ಹೋಗಬೇಕು. ಹೋಗುತ್ತದೆಯೇ, ಬಿಟ್ಟ ಕೂಡಲೇ ಎತ್ತ ತಿರುಗುತ್ತದೆ ನೋಡಿ. ಪ್ರತಿ ಗಾಳಿಗೂ, ಪ್ರತಿ ರೀಫ್‌ಗೂ ಹೀಗೆ ನೋಡಿದರೆ ಯಾವ ಹಾಯಿ ಜಾಸ್ತಿ ಆಯಿತು ಅನ್ನುವುದಕ್ಕೆ ಬೇರೆಯವರ ಅಭಿಪ್ರಾಯ ಬೇಕಾಗುವುದಿಲ್ಲ.

ಪ್ರಶ್ನೆ: ಹಳೆಯ ದೋಣಿಯಲ್ಲಿ ಸಲೀಸಾಗಿ ಹೀವ್ ಟು (ಹಾಯಿ ಇಳಿಸದೆಯೇ ದೋಣಿಯನ್ನು ಹೆಚ್ಚುಕಡಿಮೆ ನಿಲ್ಲಿಸುವುದು) ಮಾಡಿ ಊಟ ಮಾಡುತ್ತಿದ್ದೆವು. ಹೊಸ ದೋಣಿ ನಿಲ್ಲುವುದೇ ಇಲ್ಲ, ಮೂತಿ ಗಾಳಿಯ ಜೊತೆ ಬಿದ್ದು ಓಡುತ್ತದೆ. ಈ ದೋಣಿಗೆ ಅದು ಸಾಧ್ಯವೇ ಇಲ್ಲವೇ?

ಉತ್ತರ: ಸಾಧ್ಯ, ಆದರೆ ಪಾಕ ಬೇರೆ. ನಿಮ್ಮ ಜಿಬ್ ದೊಡ್ಡದಾಯಿತು ಅನ್ನಿಸುತ್ತದೆ. ಉಲ್ಟಾ (ಗಾಳಿ ಬರುವ ಪಕ್ಕಕ್ಕೆ ಎಳೆದು) ಹಿಡಿದ ಜಿಬ್ ಮೂತಿಯನ್ನು ಗಾಳಿಯಿಂದ ಆಚೆ ದಬ್ಬುತ್ತದೆ, ಮೇನ್‌ಸೇಲ್ ಮತ್ತು ಚುಕ್ಕಾಣಿ ಸೇರಿ ಗಾಳಿಯ ಕಡೆಗೆ ಎಳೆಯುತ್ತವೆ. ಮೂತಿ ಬೀಳುತ್ತಿದೆ ಅಂದರೆ ಮೊದಲನೆಯದು ಗೆಲ್ಲುತ್ತಿದೆ. ಜಿಬ್ಬನ್ನು ಸುತ್ತಿ ಚಿಕ್ಕದು ಮಾಡಿ, ಮೇನ್‌ಸೇಲನ್ನು ಬಿಗಿಯಾಗಿ ನಡುವಿಗೆ ಎಳೆಯಿರಿ, ಚಕ್ರವನ್ನು ಗಾಳಿಯ ಕಡೆಗೆ ತಿರುಗಿಸಿ ಕಟ್ಟಿ (ಚಕ್ರದ ಬದಲು ಟಿಲ್ಲರ್, ಅಂದರೆ ಚುಕ್ಕಾಣಿಯ ಕೋಲು, ಇದ್ದರೆ ಗಾಳಿಯ ಮರೆಗೆ). ಜಿಬ್ ಪೂರ್ತಿ ಸುತ್ತಿಟ್ಟು ಬರೀ ರೀಫ್ ಮಾಡಿದ ಮೇನ್‌ಸೇಲಿನಲ್ಲೇ ಚೆನ್ನಾಗಿ ನಿಲ್ಲುವ ಫಿನ್ ಕೀಲ್ ದೋಣಿಗಳೂ ಇವೆ, ಅದನ್ನೂ ನೋಡಿ. ಹಳೆಯ ದೋಣಿಯ ಹಾಗೆ ಅಲ್ಲಾಡದೆ ನಿಲ್ಲಲಿ ಅಂತ ಕಾಯಬೇಡಿ, ಒಂದು ನಾಟ್ ಮುಂದೆ ಸರಿಯುತ್ತ ಪಕ್ಕಕ್ಕೆ ತೇಲುತ್ತಿದ್ದರೂ ಸಾಕು. ಜಿಬ್‌ನ ಬಟ್ಟೆ ತಂತಿಗೆ ಉಜ್ಜದಂತೆ ನೋಡಿ. ಸಾಧ್ಯವಾದರೆ ಗಾಳಿ ಬಲಗಡೆಯಿಂದ ಬರುವಂತೆ ನಿಲ್ಲಿ. ಎದುರುಬದುರಾದ ಹಾಯಿದೋಣಿಗಳಲ್ಲಿ ಎಡಗಡೆಯಿಂದ ಗಾಳಿ ಪಡೆಯುತ್ತಿರುವವರು ದಾರಿ ಬಿಡಬೇಕು ಅನ್ನುವುದು 1972ರ ಅಂತಾರಾಷ್ಟ್ರೀಯ ನಿಯಮ. ಹಾಗಂತ ನೋಡುವುದನ್ನು ಬಿಡಬಾರದು.

ಪ್ರಶ್ನೆ: ಮಾರಿದವರು 'ಇದು 8 ನಾಟ್ ಹೋಗುತ್ತದೆ' ಅಂದಿದ್ದರು. ನೀರಿನ ಮಟ್ಟದಲ್ಲಿ ದೋಣಿಯ ಉದ್ದ 9 ಮೀಟರ್. ನಮಗೆ 6 ದಾಟುವುದೇ ಕಷ್ಟ. ಮೋಸ ಹೋದೆವೇ?

ಉತ್ತರ: ಇಲ್ಲ. ನೀರಿನ ಮಟ್ಟದ ಉದ್ದದ ವರ್ಗಮೂಲವನ್ನು 2.43ರಿಂದ ಗುಣಿಸಿ, 9 ಮೀಟರ್‌ಗೆ 7.3 ನಾಟ್ ಬರುತ್ತದೆ. ಭಾರದ ಕ್ರೂಸಿಂಗ್ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ದಾಟಲಾರದ ಎಲ್ಲೆ ಸುಮಾರು ಅದು. ಅವರು ನೋಡಿದ 8, ಹರಿವು ಜೊತೆಗಿದ್ದಾಗ ಜಿಪಿಎಸ್ ತೋರಿಸಿದ್ದಿರಬಹುದು. ಎಂಜಿನ್ ಒಂದೇ ಆರ್‌ಪಿಎಂನಲ್ಲಿಟ್ಟು ಹೋಗುತ್ತಾ ಒಮ್ಮೆ, ಅದೇ ಗೆರೆಯಲ್ಲಿ ಬರುತ್ತಾ ಒಮ್ಮೆ ಜಿಪಿಎಸ್ ವೇಗ ಬರೆದು ಎರಡರ ಸರಾಸರಿ ತೆಗೆಯಿರಿ, ದೋಣಿಯ ನಿಜವಾದ ವೇಗ ಅದು. ಬೇರೆ ಬೇರೆ ಆರ್‌ಪಿಎಂಗೆ ಹೀಗೆ ಬರೆದರೆ, ಒಂದು ಹಂತದ ಮೇಲೆ ಸದ್ದು, ಹಿಂದಿನ ಅಲೆ, ಡೀಸೆಲ್ ಖರ್ಚು ಮಾತ್ರ ಏರುತ್ತದೆ, ವೇಗ ಏರುವುದಿಲ್ಲ ಅಂತ ಕಾಣುತ್ತದೆ. ತಳದಲ್ಲಿ ಪಾಚಿ, ಚಿಪ್ಪು ಕಟ್ಟಿದ್ದರೆ 6 ದಾಟದೇ ಇರುವುದಕ್ಕೆ ಅದೊಂದೇ ಸಾಕು. ಮೊದಲು ತಳ ನೋಡಿಸಿ.

ಪ್ರಶ್ನೆ: ಎಷ್ಟು ಸಲ ಹಗಲು ಓಡಾಡಿದ ಮೇಲೆ ಮೊದಲ ರಾತ್ರಿ ಹೊರಗೆ ಕಳೆಯಬಹುದು?

ಉತ್ತರ: ಸಲ ಎಣಿಸಬೇಡಿ. ಹಗಲಿನಲ್ಲಿ, ನಿಜವಾದ ಗಾಳಿಯಲ್ಲಿ, ಯಾರೂ ಕೂಗಾಡದೆ ರೀಫ್ ಹಾಕಿ ಬಿಚ್ಚಿದ್ದೀರಾ? ಫೆಂಡರನ್ನು ನೀರಿಗೆ ಎಸೆದು, ಅದು ಮನುಷ್ಯ ಅಂದುಕೊಂಡು, ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ಹೋಗಿ ಅದರ ಪಕ್ಕ ದೋಣಿ ನಿಲ್ಲಿಸಬಲ್ಲಿರಾ? ಇವೆರಡಕ್ಕೂ ಹೌದು ಅಂದರೆ ಹೋಗಿ. ಮನುಷ್ಯನನ್ನು ಮೇಲೆ ಎತ್ತುವುದು ಹೇಗೆ ಅನ್ನುವುದನ್ನು ಮಾತ್ರ ದೋಣಿ ಕಟ್ಟಿರುವಾಗಲೇ ವಿಂಚ್ (ಹಗ್ಗ ಎಳೆಯುವ ರಾಟೆ), ಹಗ್ಗ, ಏಣಿ ಇಟ್ಟುಕೊಂಡು ಮಾಡಿ ನೋಡಿರಬೇಕು. ಒದ್ದೆ ಮೈ ಎಷ್ಟು ಭಾರ ಅನ್ನುವುದು ಎತ್ತಿದವರಿಗೇ ಗೊತ್ತು.

ಲಂಗರಿನ ಮೇಲೂ ದೋಣಿಗೆ ತನ್ನದೇ ನಡತೆ ಇದೆ. ಹಗುರವಾದ ಫಿನ್ ಕೀಲ್ ದೋಣಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡುತ್ತವೆ, ಉದ್ದ ಕೀಲ್‌ನ ಭಾರದ ದೋಣಿಗಳು ಹೆಚ್ಚಾಗಿ ನೀರಿನ ಹರಿವಿಗೆ ನಿಲ್ಲುತ್ತವೆ. ಎರಡು ಅಕ್ಕಪಕ್ಕ ಇದ್ದರೆ ರಾತ್ರಿ ಗಾಳಿ ಬದಲಾದಾಗ ತಾಗುತ್ತವೆ. ಅದಕ್ಕೇ ಮೊದಲ ಸಲ ಒಂದು ಮಧ್ಯಾಹ್ನ ಲಂಗರು ಹಾಕಿ ಕುಳಿತು, ನಿಮ್ಮದು ಎಷ್ಟು ಅಗಲ ತೂಗುತ್ತದೆ ನೋಡಿ. ಸರಪಳಿಯಾದರೆ ಆಳದ ಐದು ಪಟ್ಟು ಬಿಡಿ, ಹಗ್ಗ ಸೇರಿದ್ದರೆ ಏಳು ಪಟ್ಟು. ಆಳ ಲೆಕ್ಕ ಹಾಕುವಾಗ ನೀರಿನಿಂದ ಮೂತಿಯ ಎತ್ತರವನ್ನೂ, ಭರತ ಬಂದರೆ ಏರುವ ನೀರನ್ನೂ ಸೇರಿಸಿ. ಆಮೇಲೆ ನಿಧಾನವಾಗಿ ರಿವರ್ಸ್ ಕೊಟ್ಟು ಎಳೆದು, ದಡದ ಮೇಲಿನ ಎರಡು ಗುರುತುಗಳು ಒಂದರ ಮುಂದೊಂದು ಸರಿಯದೆ ನಿಂತಿವೆಯೇ ಅಂತ ಖಚಿತ ಮಾಡಿಕೊಳ್ಳಿ. ಸರಿಯುತ್ತಿದ್ದರೆ ಬೆಳಕಿರುವಾಗಲೇ ಲಂಗರು ಎತ್ತಿ ಇನ್ನೊಂದು ಸಲ ಹಾಕಿ.